ಅಲ್ಮಾಟಿಯಿಂದ ಒಂದು ಸಿಂಹಾವಲೋಕನ

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ಯುರೋಪಿನ ಕ್ಲಬ್ ಫುಟ್ಸಾಲ್‌ನ 2018–19ರ ಋತುವಿನ ಬಗ್ಗೆ. ಕನ್ನಡ ಪಾಠ ಮಾಡುವ ಮೇಷ್ಟ್ರಿಗೆ ಈ ಆಟದ ಉಸಾಬರಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ನನಗೆ ಮಾತ್ರ ಅದು ಹೇಳಿ ಮಾಡಿಸಿದ ಕಥೆಯಂತೆ ಕಂಡಿತ್ತು. ಲಿಸ್ಬನ್ನಿನ ಸ್ಪೋರ್ಟಿಂಗ್ ಎಂಬ ತಂಡ ಮೂರು ಸಲ ಫೈನಲ್ಲಿಗೆ ಬಂದು ಮೂರು ಸಲವೂ ಸೋತಿತ್ತು. ನಾಲ್ಕನೆಯ ಸಲ, ಹಿಂದೆ ಎರಡು ಬಾರಿ ಸೋತಿದ್ದ ಅದೇ ಊರಿಗೆ ಹೋಗಿ ಗೆದ್ದು ಬಂತು. 'ಛಲ ಬಿಡದ ತ್ರಿವಿಕ್ರಮ' ಎಂದು ತಲೆಬರಹ ಕೊಟ್ಟೆ. ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಎರಡು ಸಾಲಿನ ಬುದ್ಧಿಮಾತನ್ನೂ ಸೇರಿಸಿದೆ.

ಲೇಖನ ಓದಿದ ಹುಡುಗನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಬಂದ. ಬಿ.ಎ. ಎರಡನೇ ವರ್ಷದವನು, ಕಾಲೇಜು ಫುಟ್ಬಾಲ್ ತಂಡದ ಗೋಲ್‌ಕೀಪರ್. "ಸಾರ್, ಫೈನಲ್ ನಡೆದಿದ್ದು ಆಲಮಟ್ಟೀಲಾ?" ಎಂದು ಕೇಳಿದ. ಅಲ್ಮಾಟಿ, ಕಜಕಸ್ತಾನದ ಊರು ಎಂದೆ. ನಕ್ಕ. ಆಮೇಲೆ ಸ್ವಲ್ಪ ತಡೆದು, "ಒಂದು ಕೇಳ್ಲಾ ಸಾರ್? ಅವ್ರು ಗೆದ್ದಿದ್ದು ಎರಡು–ಒಂದರಲ್ಲಿ. ಆ ಇನ್ನೊಂದು ತಂಡ ಕೊನೇಲಿ ಎರಡು ಗೋಲು ಹೊಡೆದಿದ್ರೆ ನೀವು ಇದನ್ನ ಬರೀತಿದ್ರಾ?" ಎಂದ. ನಾನು ಏನೋ ಹೇಳಿ ಜಾರಿಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ. "ಹೋದ ವಾರ ನಾವೂ ಒಂದು–ಎರಡರಲ್ಲಿ ಸೋತ್ವಿ ಸಾರ್. ನಮಗೆ ಛಲ ಕಮ್ಮಿ ಇತ್ತಾ?"

ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಅದೇ ಋತುವಿನ ಮರುಓದು, ನನ್ನ ಹಳೆಯ ಓದಿನ ತಪ್ಪೊಪ್ಪಿಗೆಯೂ ಹೌದು.

ಮೊದಲು ಆಟದ ಮಾತು. ನಮ್ಮ ಊರುಗಳಲ್ಲಿ ಈಗ ಕಟ್ಟಡಗಳ ತಾರಸಿಯ ಮೇಲೂ ಬಲೆ ಕಟ್ಟಿದ ಹಸಿರು ಟರ್ಫ್‌ಗಳಿವೆ. ಗಂಟೆಗಿಷ್ಟು ಎಂದು ಕೊಟ್ಟು ಐದೈದು ಜನ ಆಡುತ್ತಾರೆ, ಅದನ್ನೇ ಫುಟ್ಸಾಲ್ ಎನ್ನುತ್ತಾರೆ. ಆದರೆ ಫುಟ್ಸಾಲ್‌ಗೆ ಅದರದೇ ವ್ಯಾಕರಣವಿದೆ. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕ ವೈ.ಎಂ.ಸಿ.ಎ. ಹುಡುಗರಿಗಾಗಿ ಇದನ್ನು ರೂಪಿಸಿದ. ಒಳಾಂಗಣದ ಗಟ್ಟಿ ನೆಲ, ಹೆಚ್ಚು ಪುಟಿಯದ ಸಣ್ಣ ಚೆಂಡು, ಒಂದೊಂದು ಕಡೆ ಐವರು. ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಅವಧಿ. ಚೆಂಡು ಆಟದಿಂದ ಹೊರಹೋದರೆ ಗಡಿಯಾರವೂ ನಿಲ್ಲುತ್ತದೆ. ಹಾಗಾಗಿ ಕೊನೆಯ ಒಂದು ನಿಮಿಷ ಐದು ನಿಮಿಷದಷ್ಟು ಉದ್ದವಾಗಬಹುದು. ಗೆಲ್ಲುತ್ತಿರುವವರು ಹೊತ್ತು ಕಳೆದು ಬಚಾವಾಗುವ ಉಪಾಯ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಇನ್ನೆರಡು ನಿಯಮಗಳನ್ನು ಹೇಳಬೇಕು, ಮುಂದಿನ ಮಾತಿಗೆ ಅವು ಬೇಕಾಗುತ್ತವೆ. ಒಂದು, ಫೌಲ್‌ಗಳ ಲೆಕ್ಕ. ಒಂದು ಅವಧಿಯಲ್ಲಿ ತಂಡವೊಂದು ಐದು ಫೌಲ್ ಮಾಡುವವರೆಗೆ ಎದುರಾಳಿಯ ಹೊಡೆತಕ್ಕೆ ಅಡ್ಡಗೋಡೆಯಾಗಿ ನಿಲ್ಲಬಹುದು. ಆರನೆಯದರಿಂದ ಆ ರಕ್ಷಣೆ ಇಲ್ಲ. ಹತ್ತು ಮೀಟರ್ ದೂರದಿಂದ ಹೊಡೆಯುವವನೊಬ್ಬ, ತಡೆಯುವವನೊಬ್ಬ, ಅಷ್ಟೆ. ಯಾರು ಮಾಡಿದ ಫೌಲಾದರೂ ಅದು ಇಡೀ ತಂಡದ ಖಾತೆಗೆ ಹೋಗುತ್ತದೆ. ಆದರೆ ಅರ್ಧವಿರಾಮಕ್ಕೆ ಖಾತೆ ಅಳಿಸಿ ಹೋಗುತ್ತದೆ, ಎರಡನೇ ಅವಧಿ ಸೊನ್ನೆಯಿಂದ ಶುರು. ಎರಡು, ಗೋಲ್‌ಕೀಪರನ ನಿಯಮ. ತನ್ನ ಅಂಗಳದ ಅರ್ಧದಲ್ಲಿ ಅವನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಚೆಂಡು ಇಟ್ಟುಕೊಳ್ಳುವಂತಿಲ್ಲ. ಒಮ್ಮೆ ಆಡಿ ಕೊಟ್ಟ ಮೇಲೆ, ಎದುರಾಳಿ ಮುಟ್ಟುವ ತನಕ, ಆ ಅರ್ಧದಲ್ಲಿ ತನ್ನವರಿಂದ ಅದನ್ನು ಮತ್ತೆ ಪಡೆಯುವಂತಿಲ್ಲ. ಆದರೆ ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ಹೋದರೆ ಈ ಕಟ್ಟುಪಾಡಿಲ್ಲ. ಅಲ್ಲಿ ಅವನು ಐದನೆಯ ಆಟಗಾರ. ನಾಲ್ವರು ಕಾಯುವಲ್ಲಿ ಐವರು ಮುತ್ತುವಂತಾಗುತ್ತದೆ. ಬೆಲೆಯೂ ಸಣ್ಣದಲ್ಲ, ಹಿಂದೆ ಅವನ ಮನೆ ಬಾಗಿಲು ತೆರೆದೇ ಇರುತ್ತದೆ. ಕಟ್ಟುಪಾಡಿನ ಸಂದಿಯಲ್ಲೇ ಹೊಸ ನಡಿಗೆ ಹುಟ್ಟುವುದು ಛಂದಸ್ಸು ಓದಿದವರಿಗೆ ಹೊಸ ವಿಷಯವೇನಲ್ಲ.

ಈಗ ಋತುವಿಗೆ ಬರೋಣ. ಯುರೋಪಿನ ಫುಟ್ಬಾಲ್ ಒಕ್ಕೂಟವಾದ ಯುಯೆಫಾ 2001–02ರಿಂದ ನಡೆಸುತ್ತಿದ್ದ ಫುಟ್ಸಾಲ್ ಕಪ್ಪಿಗೆ 2018–19ರಲ್ಲಿ 'ಫುಟ್ಸಾಲ್ ಚಾಂಪಿಯನ್ಸ್ ಲೀಗ್' ಎಂದು ಹೊಸ ಹೆಸರಿಟ್ಟಿತು. ಹೆಸರು ಬದಲಾದರೂ ಒಳಗಿನ ರಚನೆ ಹೆಚ್ಚುಕಡಿಮೆ ಅದೇ. ದೇಶದೇಶಗಳ ಕ್ಲಬ್ಬುಗಳು ನಾಲ್ಕು ನಾಲ್ಕು ತಂಡಗಳ ಗುಂಪುಗಳಾಗಿ ಒಂದೊಂದು ಊರಿನಲ್ಲಿ ಸೇರಿ ಕೆಲವೇ ದಿನಗಳಲ್ಲಿ ಪರಸ್ಪರ ಆಡಿ ಮುಗಿಸುತ್ತಿದ್ದವು. ಹೀಗೆ ಸುತ್ತು ಸುತ್ತಾಗಿ ಸೋಸಿ, 'ಎಲೀಟ್' ಸುತ್ತಿನ ನಾಲ್ಕು ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ವಸಂತದಲ್ಲಿ ಒಂದೇ ಊರಿಗೆ ಬರುತ್ತಿದ್ದವು. ಎರಡು ಸೆಮಿಫೈನಲ್, ಒಂದು ದಿನದ ಬಿಡುವು, ಫೈನಲ್. ತಿಂಗಳುಗಟ್ಟಲೆಯ ದಾರಿ ಒಂದು ವಾರಾಂತ್ಯದಲ್ಲಿ ಮುಗಿಯುತ್ತಿತ್ತು.

2019ರ ಏಪ್ರಿಲ್ ಕೊನೆಯಲ್ಲಿ ಅಲ್ಮಾಟಿಗೆ ಬಂದ ನಾಲ್ವರು ಇವರು: ಆತಿಥೇಯ ಕೈರಾತ್, ಸ್ಪೇನಿನ ಬಾರ್ಸಿಲೋನಾ ಮತ್ತು ಇಂಟರ್, ಪೋರ್ಚುಗಲ್ಲಿನ ಸ್ಪೋರ್ಟಿಂಗ್. ಮೊದಲ ಮೂವರೂ ಈ ಕಪ್ ಎತ್ತಿದವರು. ಇಂಟರ್ ಐದು ಬಾರಿ, ಬಾರ್ಸಿಲೋನಾ ಮತ್ತು ಕೈರಾತ್ ಎರಡೆರಡು ಬಾರಿ. ಸ್ಪೋರ್ಟಿಂಗ್ ಒಮ್ಮೆಯೂ ಇಲ್ಲ.

ಸ್ಪೋರ್ಟಿಂಗಿನ ಹಿಂದಿನ ಲೆಕ್ಕ ಹೀಗಿತ್ತು. 2011ರಲ್ಲಿ ಅಲ್ಮಾಟಿಯಲ್ಲಿ ಇಟಲಿಯ ಮೊಂಟೆಸಿಲ್ವಾನೊ ವಿರುದ್ಧ 2–5. 2017ರಲ್ಲಿ ಮತ್ತೆ ಅಲ್ಮಾಟಿಯಲ್ಲಿ ಇಂಟರ್ ವಿರುದ್ಧ 0–7, ಅಲ್ಲಿಯವರೆಗಿನ ಯಾವ ಫೈನಲ್ಲಿನಲ್ಲೂ ಅಷ್ಟು ದೊಡ್ಡ ಅಂತರದ ಸೋಲು ಇರಲಿಲ್ಲ. 2018ರಲ್ಲಿ ಸ್ಪೇನಿನ ಸಾರಗೋಸಾದಲ್ಲಿ ಅದೇ ಇಂಟರ್ ವಿರುದ್ಧ 2–5. ಆ ಇಂಟರ್‌ನಲ್ಲಿ ಆಗ ರಿಕಾರ್ಡಿನ್ಯೊ ಇದ್ದ. ಪೋರ್ಚುಗಲ್ಲಿನವನೇ, ಒಂದು ಕಾಲಕ್ಕೆ ಸ್ಪೋರ್ಟಿಂಗಿನ ನೆರೆಮನೆಯ ವೈರಿ ಬೆನ್ಫಿಕಾದಲ್ಲಿ ಆಡಿದವನು.

ಸಾರಗೋಸಾದ ಸೋಲಿನ ನಂತರ ತಿಂಗಳೊಳಗೇ ಕ್ಲಬ್ಬಿನ ಮನೆಗೂ ಬೆಂಕಿ ಬಿತ್ತು. 2018ರ ಮೇ 15ರಂದು ಮುಸುಕು ಹಾಕಿದವರ ಗುಂಪೊಂದು ಆಲ್ಕೊಶೆಟೆಯ ತರಬೇತಿ ಕೇಂದ್ರಕ್ಕೆ ನುಗ್ಗಿ ಕ್ಲಬ್ಬಿನ ಫುಟ್ಬಾಲ್ ಆಟಗಾರರನ್ನೇ ಹೊಡೆಯಿತು. ಹೊಡೆದವರು ಎದುರಾಳಿ ಕ್ಲಬ್ಬಿನವರಲ್ಲ, ಸ್ಪೋರ್ಟಿಂಗಿನ ಅಭಿಮಾನಿಗಳೇ. ಹಲವು ಆಟಗಾರರು ಒಪ್ಪಂದ ಮುರಿದುಕೊಂಡರು, ಜೂನ್‌ನಲ್ಲಿ ಸದಸ್ಯರು ಮತ ಹಾಕಿ ಅಧ್ಯಕ್ಷರನ್ನು ಇಳಿಸಿದರು. ಫುಟ್ಸಾಲ್ ವಿಭಾಗ ಬೇರೆಯದಾದರೂ ತೊಡುವುದು ಅದೇ ಹಸಿರು–ಬಿಳಿ ಪಟ್ಟೆಯ ಅಂಗಿ, ಎದೆಯ ಮೇಲೆ ಅದೇ ಸಿಂಹ. ಸೋಲು ಎಂದರೆ ಅವಮಾನ, ಅವಮಾನಕ್ಕೆ ಶಿಕ್ಷೆಯೇ ಉತ್ತರ ಎಂದು ನಂಬಿದ ಗುಂಪೊಂದು ತನ್ನದೇ ಬೆಂಬಲಿಗರಲ್ಲಿ ಇದೆ ಎಂಬ ತಿಳಿವಳಿಕೆಯೊಂದಿಗೆ ಆ ಕ್ಲಬ್ಬು 2018–19ರ ಋತುವಿಗೆ ಕಾಲಿಟ್ಟಿತು.

ಮುಂದಿನದು ಗೊತ್ತೇ ಇದೆ. 2019ರ ಏಪ್ರಿಲ್ 26ರ ಸೆಮಿಫೈನಲ್ಲಿನಲ್ಲಿ ಸ್ಪೋರ್ಟಿಂಗ್ ಇಂಟರನ್ನು ಸೋಲಿಸಿತು. ಕೈರಾತ್ ಬಾರ್ಸಿಲೋನಾವನ್ನು ಸೋಲಿಸಿತು. 28ರಂದು ಫೈನಲ್. ಸ್ಪೋರ್ಟಿಂಗ್ 2, ಕೈರಾತ್ 1.

ಈ ಸಾಮಗ್ರಿ ಕೈಯಲ್ಲಿದ್ದಾಗ ಯಾರಿಗಾದರೂ ನಾನು ಬರೆದಂಥ ಲೇಖನ ಬರೆಯುವ ಆಸೆಯಾಗುತ್ತದೆ. ಕಥೆ ತಾನೇ ಬಂದು ಮಡಿಲಲ್ಲಿ ಕೂತಂತೆ ಇದೆ. ಸೋಲು, ಹೆಚ್ಚು ದೊಡ್ಡ ಸೋಲು, ಮತ್ತೊಂದು ಸೋಲು, ಮನೆಯೊಳಗಿನ ಕಲಹ, ಕೊನೆಗೆ ಸೋತ ಊರಿನಲ್ಲೇ ಗೆಲುವು. ಇಷ್ಟು ಅಚ್ಚುಕಟ್ಟಾದ ಕಥೆ ಸಿಕ್ಕಾಗಲೇ ಓದುಗ ಎಚ್ಚರವಾಗಬೇಕಿತ್ತು.

ತ್ರಿವಿಕ್ರಮನ ಕಥೆಯನ್ನೇ ನೋಡಿ. ಅದನ್ನು ನಾವು ಛಲದ ಕಥೆ ಎಂದು ರೂಢಿಯಿಂದ ಹೇಳುತ್ತೇವೆ. ಆದರೆ ರಾಜ ಪ್ರತಿ ಸಲ ಸೋಲುವುದು ಛಲ ಕಡಿಮೆಯಾಗಿ ಅಲ್ಲ, ಬೇತಾಳದ ಪ್ರಶ್ನೆಗೆ ಸರಿ ಉತ್ತರ ಗೊತ್ತಿದ್ದು ಅದನ್ನು ಹೇಳಿಬಿಡುವುದರಿಂದ. ಮೌನ ಮುರಿದ ಕೂಡಲೇ ಶವ ಮರ ಸೇರುತ್ತದೆ. ಕೊನೆಯ ಸಲ ಬೇತಾಳ ಕೇಳುವುದು ಅವನಿಗೆ ಉತ್ತರ ಹೊಳೆಯದ ಪ್ರಶ್ನೆ, ಹಾಗಾಗಿ ಅವನು ಸುಮ್ಮನಿರುತ್ತಾನೆ, ಹಾಗಾಗಿ ಗೆಲ್ಲುತ್ತಾನೆ. ಮೊದಲ ಸಲಕ್ಕೂ ಕೊನೆಯ ಸಲಕ್ಕೂ ನಡುವೆ ಬದಲಾದದ್ದು ಛಲವಲ್ಲ, ಎದುರಿಗೆ ಬಂದ ಪ್ರಶ್ನೆ. ತಲೆಬರಹಕ್ಕೆ ತ್ರಿವಿಕ್ರಮನನ್ನು ಎಳೆದು ತಂದ ನಾನು ಆ ಕಥೆಯನ್ನೂ ಸರಿಯಾಗಿ ಓದಿರಲಿಲ್ಲ.

ಸ್ಪೋರ್ಟಿಂಗಿನ ಮೂರು ಸೋಲುಗಳೂ ಒಂದೇ ಸೋಲಿನ ಮೂರು ಪ್ರತಿಗಳಲ್ಲ. 2011ರಲ್ಲಿ ಎದುರಿಗಿದ್ದುದು ಮೊಂಟೆಸಿಲ್ವಾನೊ. ಕೋಚ್ ನೂನೊ ಡಿಯಾಸ್ ಸ್ಪೋರ್ಟಿಂಗಿಗೆ ಬಂದದ್ದು 2012ರಲ್ಲಿ. ಅಂದರೆ ಆ ಮೊದಲ ಸೋಲು ಅವರದಲ್ಲವೇ ಅಲ್ಲ. 2017 ಮತ್ತು 2018ರ ಸೋಲುಗಳು ಇಂಟರ್ ವಿರುದ್ಧ. 2019ರ ಗೋಲಿನಲ್ಲಿ ನಿಂತಿದ್ದ ಬ್ರೆಜಿಲಿನ ಗಿಟ್ಟಾ ಲಿಸ್ಬನ್ನಿಗೆ ಬಂದದ್ದೇ 2018ರಲ್ಲಿ. ಆ 0–7 ಅವರ ಮೈಮೇಲಿನ ಗಾಯವಲ್ಲ. ಹಾಗಿದ್ದ ಮೇಲೆ ಎಂಟು ವರ್ಷ ಛಲ ಹಿಡಿದವರು ಯಾರು? ಒಂದು ಅಂಗಿ. ಅಂಗಿಯೊಳಗಿನ ಮನುಷ್ಯರು ಬಂದು ಹೋಗುತ್ತಿದ್ದರು. ನಾಯಕ ಜೊಆವ್ ಮಾಟೊಸ್‌ರಂತೆ ಉದ್ದಕ್ಕೂ ಅದೇ ಕ್ಲಬ್ಬಿನಲ್ಲಿ ಬೆಳೆದವರ ಮಟ್ಟಿಗೆ ಇದು ಒಂದೇ ಬದುಕಿನ ಕಥೆ, ಉಳಿದ ಎಷ್ಟೋ ಜನರಿಗೆ ಅಲ್ಲ. ಹೆಸರು ಒಂದೇ ಇದ್ದ ಮಾತ್ರಕ್ಕೆ ಪಾತ್ರವೂ ಒಂದೇ ಎಂದು ನಾನು ಭಾವಿಸಿಕೊಂಡಿದ್ದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಹಳೆಯ ಸೋಲಿಗೆ ಉತ್ತರ ಕೊಟ್ಟದ್ದು ಎಂದೇನಾದರೂ ಇದ್ದರೆ ಅದು ಫೈನಲ್ ಅಲ್ಲ, ಸೆಮಿಫೈನಲ್. ಎರಡು ವರ್ಷ ಸತತ ತಮ್ಮನ್ನು ಫೈನಲ್ಲಿನಲ್ಲಿ ಮುರಿದಿದ್ದ ಇಂಟರನ್ನು ಅವರು ಎದುರಿಸಿದ್ದು 26ರಂದು. ಆದರೆ ಇತಿಹಾಸದ ಪಟ್ಟಿಗಳಲ್ಲಿ ಸೆಮಿಫೈನಲ್ಲಿಗೆ ಜಾಗವಿಲ್ಲ. ಪಟ್ಟಿಯಲ್ಲಿ ಒಂದು ಋತುವಿಗೆ ಒಂದೇ ಸಾಲು: ವರ್ಷ, ಗೆದ್ದವರು, ಅಂಕ, ಸೋತವರು, ಊರು. ಹಾಗಾಗಿ ನಾವು ಊರನ್ನು ಹಿಡಿದುಕೊಂಡೆವು. ಎದುರಾಳಿ ಬೇರೆಯಾದರೂ ಊರು ಅದೇ, ಆದ್ದರಿಂದ ಸೇಡು ತೀರಿತು ಎಂದೆವು. ಕೈರಾತ್ ಸ್ಪೋರ್ಟಿಂಗಿನ ಆ ಮೂರು ಫೈನಲ್‌ಗಳಲ್ಲಿ ಒಂದರಲ್ಲೂ ಎದುರಾಳಿಯಾಗಿರಲಿಲ್ಲ. ಯಾರ ಮೇಲಿನ ಸಿಟ್ಟನ್ನೋ ಯಾರ ಮೇಲೋ ತೀರಿಸಿದಂತಾಯಿತು ನನ್ನ ಕಥೆ.

ಈಗ ಅದೇ ಪಟ್ಟಿಯನ್ನು ಇನ್ನೊಂದು ತುದಿಯಿಂದ, ಸೋತವರ ಕಾಲಂನಿಂದ ಓದಿ. ಕೈರಾತ್ 2013ರಲ್ಲಿ ಟಿಬಿಲಿಸಿಯಲ್ಲಿ ಮಾಸ್ಕೋದ ಡೈನಮೊವನ್ನು 4–3ರಿಂದ ಸೋಲಿಸಿ ಮೊದಲ ಬಾರಿ ಕಪ್ ಗೆದ್ದಿತು. 2015ರಲ್ಲಿ ಬಾರ್ಸಿಲೋನಾವನ್ನು 3–2ರಿಂದ ಸೋಲಿಸಿ ಎರಡನೆಯ ಬಾರಿ ಗೆದ್ದಿತು. ಆ ಎರಡನೆಯ ಗೆಲುವಿನ ಊರು ಯಾವುದು? ಲಿಸ್ಬನ್. ಆತಿಥೇಯರು ಯಾರು? ಸ್ಪೋರ್ಟಿಂಗ್. ತನ್ನ ಊರಿಗೆ ಎಲ್ಲರನ್ನೂ ಕರೆದ ಸ್ಪೋರ್ಟಿಂಗ್ ಆ ವರ್ಷ ಸೆಮಿಫೈನಲ್ಲಿನಲ್ಲೇ ಸೋತಿತ್ತು. ಅಲ್ಮಾಟಿಯವರು ಬಂದು ಲಿಸ್ಬನ್ನಿನಿಂದ ಕಪ್ ಒಯ್ದರು. ನಾಲ್ಕು ವರ್ಷದ ಮೇಲೆ ಲಿಸ್ಬನ್ನಿನವರು ಹೋಗಿ ಅಲ್ಮಾಟಿಯಿಂದ ಕಪ್ ತಂದರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಹೋದ ಕಥೆ ಇದು. ನನ್ನ ಗೋಡೆಪತ್ರಿಕೆಯ ಲೇಖನದಲ್ಲಿ 2015 ಎಂಬ ಇಸವಿಯೇ ಇರಲಿಲ್ಲ.

ಕೈರಾತ್ ತನ್ನ ಊರಿನಲ್ಲಿ ಈ ಅಂತಿಮ ಹಂತವನ್ನು ನಡೆಸಿದ್ದು ಮೂರು ಬಾರಿ: 2011, 2017, 2019. ಮೂರು ಬಾರಿಯೂ ಕಪ್ ಬೇರೆಯವರ ವಿಮಾನ ಹತ್ತಿತು. ಮೂರನೆಯ ಬಾರಿ ಮಾತ್ರ ಅದು ಫೈನಲ್ಲಿನವರೆಗೆ, ಒಂದು ಗೋಲಿನ ಅಂತರದವರೆಗೆ ಬಂತು. ಛಲಕ್ಕೆ ಪುರಾವೆ ಎಂದರೆ ಮತ್ತೆ ಮತ್ತೆ ಬರುವುದು ಎಂದಾದರೆ, ಆ ಪುರಾವೆ ಎರಡೂ ಕಡೆ ಇತ್ತು.

ಕೈರಾತ್‌ನ ಆಟದ ರೀತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಓದು ಅಪೂರ್ಣ. ಆಗ ಅದರ ಗೋಲ್‌ಕೀಪರ್ ಹಿಗಿಟಾ. ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಹುಟ್ಟಿದವರು. ಗೋಲು ಬಿಟ್ಟು ಮುಂದೆ ಓಡುತ್ತಿದ್ದ ಕೊಲಂಬಿಯಾದ ಹಳೆಯ ಗೋಲ್‌ಕೀಪರ್ ರೆನೆ ಹಿಗಿಟಾರ ಹೆಸರೇ ಇವರಿಗೆ ಅಡ್ಡಹೆಸರಾಗಿ ನಿಂತಿತು. ಬೇರೆ ತಂಡಗಳು ಸೋಲುತ್ತಿರುವಾಗ, ಕೊನೆಯ ಕೆಲವು ನಿಮಿಷಗಳಲ್ಲಿ, ಬೇರೆ ದಾರಿಯಿಲ್ಲದೆ ಮಾಡುವ ಕೆಲಸವನ್ನು ಕೈರಾತ್ ತನ್ನ ದಿನನಿತ್ಯದ ಆಟವನ್ನಾಗಿ ಮಾಡಿಕೊಂಡಿತು. ಹಿಗಿಟಾ ಗೆರೆ ದಾಟಿ ಹೋಗುತ್ತಿದ್ದರು, ಚೆಂಡು ಹಂಚುತ್ತಿದ್ದರು, ದೂರದಿಂದ ಹೊಡೆಯುತ್ತಿದ್ದರು, ಗೋಲನ್ನೂ ಗಳಿಸುತ್ತಿದ್ದರು. ಹಿಂದೆ ಬಲೆ ಖಾಲಿ. ಆಪತ್ಕಾಲದ ಉಪಾಯವನ್ನೇ ಶೈಲಿಯಾಗಿಸಿಕೊಂಡ ತಂಡ ಇದು. ಇದಕ್ಕೆ ಬೇಕಾದ ಎದೆಗಾರಿಕೆಯನ್ನು ನಾನು ಛಲ ಎಂದು ಕರೆಯದೆ ಹೋದದ್ದಕ್ಕೆ ಕಾರಣ ಒಂದೇ, ಅಂದು ಅವರು ಒಂದು ಗೋಲು ಕಡಿಮೆ ಹೊಡೆದಿದ್ದರು.

ಇನ್ನೊಂದು ಆಕ್ಷೇಪವನ್ನೂ ಇಲ್ಲಿಯೇ ಎದುರಿಸಬೇಕು. ಕೈರಾತ್‌ನ ಬೆನ್ನೆಲುಬು ಬ್ರೆಜಿಲಿನವರಲ್ಲವೇ, ಅದು ಯಾವ ಊರಿನ ತಂಡ ಎಂದು ಕೇಳುವವರಿದ್ದಾರೆ. ಹಿಗಿಟಾ ಕಜಕಸ್ತಾನದ ರಾಷ್ಟ್ರೀಯ ತಂಡಕ್ಕೂ ಆಡಿದರು, ಆ ದೇಶ 2016ರ ಯುರೋ ಫುಟ್ಸಾಲ್‌ನಲ್ಲಿ ಮೊದಲ ಬಾರಿಗೇ ಮೂರನೆಯ ಸ್ಥಾನ ಪಡೆಯಿತು. ಇದು ಕೊಂಡು ತಂದ ಗೆಲುವು ಎಂಬ ಟೀಕೆ ಆಗಲೂ ಇತ್ತು. ಆದರೆ ಸ್ಪೋರ್ಟಿಂಗಿನ ಅಲೆಕ್ಸ್ ಮೆರ್ಲಿಮ್ ಕೂಡ ಬ್ರೆಜಿಲಿನಲ್ಲಿ ಹುಟ್ಟಿ ಇಟಲಿಗೆ ಆಡಿದವರೇ. ಇವರನ್ನು ಕಲಾವಿದ ಎಂದು, ಅವರನ್ನು ಬಾಡಿಗೆಯವರು ಎಂದು ಕರೆಯುವುದು ಎರಡು ತಕ್ಕಡಿ ಇಟ್ಟುಕೊಂಡ ವ್ಯಾಪಾರ. ಈ ಆಟ ಹುಟ್ಟಿದ್ದೇ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಎಂಬುದನ್ನು ಮರೆತವರಿಗೆ ಮಾತ್ರ ಬ್ರೆಜಿಲಿನವರು ಹೊರಗಿನವರಾಗಿ ಕಾಣುತ್ತಾರೆ.

ಹೊರಗು ಒಳಗಿನ ಮಾತು ಬಂದದ್ದರಿಂದ 'ಯುರೋಪ್' ಎಂಬ ಪದವನ್ನೂ ಸ್ವಲ್ಪ ಮುಟ್ಟಿ ನೋಡೋಣ. ಭೂಪಟ ತೆಗೆದು ಬೆಂಗಳೂರಿನಿಂದ ನೇರ ಉತ್ತರಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಹೆಚ್ಚುಕಡಿಮೆ ಅಲ್ಮಾಟಿಯನ್ನೇ ಸವರಿಕೊಂಡು ಹೋಗುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹಕ್ಕಿ ಹಾರುವ ದಾರಿ ಸುಮಾರು 3,350 ಕಿಲೋಮೀಟರ್, ಲಿಸ್ಬನ್ನಿನಿಂದ ಅದರ ಎರಡರಷ್ಟು. 2019ರಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬರೀ ಅರ್ಧ ಗಂಟೆ ಮುಂದಿತ್ತು. ತಿಯೆನ್ ಶಾನ್ ಪರ್ವತಗಳ ತಪ್ಪಲಿನ ಈ ಊರು ಯುರೋಪಿನ ಕ್ರೀಡಾಭೂಪಟಕ್ಕೆ ಸೇರಿದ್ದು 2002ರಲ್ಲಿ, ಕಜಕಸ್ತಾನ ಏಷ್ಯಾದ ಫುಟ್ಬಾಲ್ ಒಕ್ಕೂಟ ಬಿಟ್ಟು ಯುಯೆಫಾ ಸೇರಿದಾಗ. ಫೈನಲ್ ನಡೆದ ಅಲ್ಮಾಟಿ ಅರೆನಾ ಕಟ್ಟಿದ್ದು 2017ರ ಚಳಿಗಾಲದ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ, ಮಂಜುಗಡ್ಡೆಯ ಮೇಲಿನ ಆಟಗಳಿಗೆ. ಸುಮಾರು ಹನ್ನೆರಡು ಸಾವಿರ ಜನ ಹಿಡಿಸುವ ಸಭಾಂಗಣ. ಲಿಸ್ಬನ್ನಿನ ಕಣ್ಣಿಗೆ ಅದು ಯುರೋಪಿನ ಕೊನೆಯ ಅಂಚು, 'ಹೋಗಿ ಗೆದ್ದು ಬರಬೇಕಾದ' ದೂರದ ದೇಶ. ಅಲ್ಲಿನವರಿಗೆ ಅದು ಸಂಜೆ ನಡೆದು ಹೋಗಬಹುದಾದ ಊರಿನ ಕ್ರೀಡಾಂಗಣ. ನಾನು ಬೆಂಗಳೂರಿನ ರೇಖಾಂಶದಲ್ಲಿ ಕೂತು ಲಿಸ್ಬನ್ನಿನ ಕಣ್ಣಿನಿಂದ ನೋಡಿ ಲೇಖನ ಬರೆದಿದ್ದೆ. ನಾವು ಎಷ್ಟೋ ಪುಸ್ತಕಗಳನ್ನು ಓದುವುದೂ ಹೀಗೇ ಅಲ್ಲವೇ?

ಇಲ್ಲಿ ರನ್ನನನ್ನು ನೆನೆಯಬೇಕು. 'ಗದಾಯುದ್ಧ'ವನ್ನು ಪಾಠ ಮಾಡುವಾಗ ನಾವೆಲ್ಲ ಎರಡು ಮಾತು ಹೇಳುತ್ತೇವೆ. ಒಂದು, ಅದರ ಕಥನಕ್ರಮ ಸಿಂಹಾವಲೋಕನದ್ದು. ಕೊನೆಯ ದ್ವಂದ್ವದ ಬಳಿ ನಿಂತು, ನಡೆದು ಬಂದ ದಾರಿಯನ್ನು ಸಿಂಹ ಹಿಂತಿರುಗಿ ನೋಡುವಂತೆ ಇಡೀ ಭಾರತದ ಕಥೆಯನ್ನು ನೋಡುವುದು. ಎರಡು, ಅದರ ನಾಯಕ ಯಾರು ಎಂಬ ಮುಗಿಯದ ಚರ್ಚೆ. ಕವಿ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಸಮೀಕರಿಸಿದ್ದು ಭೀಮನೊಂದಿಗೆ, ಕಾವ್ಯದ ಇನ್ನೊಂದು ಹೆಸರೇ 'ಸಾಹಸಭೀಮವಿಜಯ'. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ.

ಈ ಎರಡು ಮಾತುಗಳನ್ನು ನಾನು ಬೇರೆ ಬೇರೆಯಾಗಿ ಹೇಳುತ್ತ ಬಂದಿದ್ದೆ. ಒಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ, ಇನ್ನೊಂದು ಹತ್ತು ಅಂಕಕ್ಕೆ. ಆ ಹುಡುಗನ ಪ್ರಶ್ನೆಯ ನಂತರ ಅವು ಒಂದೇ ಮಾತಿನ ಎರಡು ತುದಿ ಎಂದು ತೋರತೊಡಗಿತು. ಹಿಂತಿರುಗಿ ನೋಡುವುದೆಂದರೆ ಗೆದ್ದವನ ದಾರಿಯನ್ನು ಮಾತ್ರ ನೋಡುವುದಲ್ಲ. ನಿಜಕ್ಕೂ ಹಿಂತಿರುಗಿ ನೋಡಿದರೆ ಆ ಕೊನೆಯ ಕಣಕ್ಕೆ ಬಂದು ಸೇರಿದ ಎರಡು ದಾರಿಗಳು ಕಾಣುತ್ತವೆ. ರನ್ನ ಎರಡನ್ನೂ ನೋಡಿದ, ಅದಕ್ಕೇ ಬಿರುದಿಗೆ ಭೀಮನಿದ್ದರೂ ಕಾವ್ಯದಲ್ಲಿ ದುರ್ಯೋಧನನಿಗೆ ಜಾಗ ಸಿಕ್ಕಿತು. ನಾನು ಸಿಂಹದ ಚಿಹ್ನೆ ತೊಟ್ಟವರ ಒಂದೇ ದಾರಿಯನ್ನು ನೋಡಿ ಅದನ್ನೇ ಇಡೀ ಋತು ಎಂದೆ.

ಹಾಗಾದರೆ ಫಲಿತಾಂಶಕ್ಕೆ ಅರ್ಥವೇ ಇಲ್ಲವೇ? ಇದೆ. 2–1 ಎಂಬುದು ಸುಳ್ಳಲ್ಲ. ಸೋತವರನ್ನು ಎತ್ತಿ ಹಿಡಿಯುವುದೇ ವಿಮರ್ಶೆ ಎಂದುಕೊಂಡರೆ ಅದು ಇನ್ನೊಂದು ಬಗೆಯ ಸೋಮಾರಿತನ, ಕರುಣೆಯ ವೇಷದ್ದು. ಇಂಟರ್ ಮತ್ತು ಕೈರಾತ್ ಎರಡನ್ನೂ ಮೂರು ದಿನಗಳೊಳಗೆ, ಅದೂ ಕೈರಾತನ್ನು ಅದರ ಊರಿನವರ ಮುಂದೆ ಸೋಲಿಸುವುದು ಸಣ್ಣ ಕೆಲಸವಲ್ಲ. ಸ್ಪೋರ್ಟಿಂಗಿನ ಗೆಲುವನ್ನು ನಾನು ಕಡಿಮೆ ಮಾಡುತ್ತಿಲ್ಲ. ಗೆಲುವು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಬೇರೆ ಮಾಡಲು ನೋಡುತ್ತಿದ್ದೇನೆ. ಅಂದು ಆ ನಲವತ್ತು ನಿಮಿಷದಲ್ಲಿ ಸ್ಪೋರ್ಟಿಂಗ್ ಒಂದು ಗೋಲು ಹೆಚ್ಚು ಹೊಡೆಯಿತು ಎಂದು ಅದು ಹೇಳುತ್ತದೆ. ಅವರಿಗೆ ಛಲ ಹೆಚ್ಚಿತ್ತು ಎಂದು ಅದು ಹೇಳುವುದಿಲ್ಲ. ಆ ಎರಡನೆಯ ವಾಕ್ಯ ನನ್ನದು. ಅಂಕಪಟ್ಟಿಯ ಬಾಯಲ್ಲಿ ಅದನ್ನು ಹೇಳಿಸಿದವನು ನಾನು.

ಇದನ್ನು ಪರೀಕ್ಷಿಸುವುದು ಸುಲಭ, ಮುಂದಿನ ಸಾಲುಗಳನ್ನು ಓದಿದರೆ ಸಾಕು. 2021ರಲ್ಲಿ ಕ್ರೊವೇಷಿಯಾದ ಝಾದರ್‌ನಲ್ಲಿ ಸ್ಪೋರ್ಟಿಂಗ್ ಬಾರ್ಸಿಲೋನಾವನ್ನು 4–3ರಿಂದ ಸೋಲಿಸಿ ಮತ್ತೆ ಕಪ್ ಗೆದ್ದಿತು. ನನ್ನ ಸಿದ್ಧಾಂತಕ್ಕೆ ಇದು ಅನುಕೂಲವೇ. ಆದರೆ 2022ರಲ್ಲಿ ರೀಗಾದಲ್ಲಿ ಅದೇ ಬಾರ್ಸಿಲೋನಾ ಎದುರು 0–4. 2023ರಲ್ಲಿ ಪಾಲ್ಮಾದಲ್ಲಿ, ಆತಿಥೇಯ ಪಾಲ್ಮಾ ತಂಡದ ಎದುರು 1–1, ಕೊನೆಗೆ ಪೆನಾಲ್ಟಿಯಲ್ಲಿ ಸೋಲು. ಅದೇ ಕ್ಲಬ್ಬು, ಅದೇ ಕೋಚು. 2021ರಲ್ಲಿದ್ದ ಛಲ 2022ರಲ್ಲಿ ಎಲ್ಲಿಗೆ ಹೋಯಿತು? ಪೆನಾಲ್ಟಿಯ ಒಂದು ಹೊಡೆತದಲ್ಲಿ ಎಷ್ಟು ಛಲ ಸೋರಿಹೋಗುತ್ತದೆ? 2019ರಲ್ಲಿ ಚುಕ್ಕಿ ಇಟ್ಟು ಕಥೆ ಮುಗಿಸಿದ್ದರಿಂದ ಮಾತ್ರ ನನ್ನ ನೀತಿಪಾಠ ನಿಂತಿತ್ತು. ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲೇ ಕಥೆಯ ನೀತಿ ಅಡಗಿರುತ್ತದೆ, ಮತ್ತು ನಿಲ್ಲಿಸುವವರು ಆಟಗಾರರಲ್ಲ, ಬರೆಯುವವರು.

ಫೌಲ್‌ಗಳ ನಿಯಮವನ್ನು ಮತ್ತೆ ನೆನೆಯಿರಿ. ಆಟ ತಪ್ಪುಗಳನ್ನು ಕೂಡಿಸುತ್ತದೆ, ಆದರೆ ಅರ್ಧವಿರಾಮಕ್ಕೆ ಅಳಿಸುತ್ತದೆ. ಕಣಕ್ಕೆ ಮರಳುವ ತಂಡಕ್ಕೆ ಹಳೆಯ ಖಾತೆಯ ಭಾರವಿಲ್ಲ. ನಾವು, ನೋಡುವವರು ಮತ್ತು ಬರೆಯುವವರು, ಅಳಿಸುವುದೇ ಇಲ್ಲ. 2011ರದ್ದನ್ನು 2019ಕ್ಕೆ ಕೂಡಿಸುತ್ತೇವೆ. ಕೂಡಿಸುವುದು ತಪ್ಪೆಂದು ಹೇಳಲಾರೆ. ಕೂಡಿಸದೆ ಋತುವೂ ಇಲ್ಲ, ಕಾವ್ಯವೂ ಇಲ್ಲ. ಆದರೆ ಒಬ್ಬರ ಖಾತೆಯನ್ನು ಮಾತ್ರ ಕೂಡಿಸಿ ಇನ್ನೊಬ್ಬರದನ್ನು ಬಿಟ್ಟುಬಿಟ್ಟರೆ ಲೆಕ್ಕ ತಪ್ಪುತ್ತದೆ. ಆಲ್ಕೊಶೆಟೆಯಲ್ಲಿ ಮುಸುಕು ಹಾಕಿ ನುಗ್ಗಿದವರೂ ಒಂದು ಲೆಕ್ಕ ಹಾಕಿದ್ದರು: ಸೋತರು, ಆದ್ದರಿಂದ ಮನಸ್ಸಿಟ್ಟು ಆಡಲಿಲ್ಲ. ಗೆದ್ದರು, ಆದ್ದರಿಂದ ಛಲವಿತ್ತು ಎಂದು ನಾನು ಬರೆದದ್ದು ಅದೇ ಲೆಕ್ಕದ ಸೌಮ್ಯ ರೂಪ. ಈ ಹೋಲಿಕೆ ಮೊದಲು ಹೊಳೆದಾಗ ನನಗೆ ಹಿತವಾಗಲಿಲ್ಲ. ಈಗಲೂ ಹಿತವಾಗುತ್ತಿಲ್ಲ, ಆದರೆ ಅಲ್ಲಗಳೆಯಲೂ ಆಗುತ್ತಿಲ್ಲ.

ತರಗತಿಯಲ್ಲಿ ಇದರ ಪರಿಣಾಮ ದಿನವೂ ಕಾಣುತ್ತದೆ. ಪ್ರಶಸ್ತಿ ಬಂದ ಪುಸ್ತಕದ ದೋಷಗಳು 'ಪ್ರಯೋಗ'ವಾಗುತ್ತವೆ, ಬಾರದ ಪುಸ್ತಕದ ಪ್ರಯೋಗಗಳು ದೋಷವಾಗುತ್ತವೆ. ಒಂದೆರಡು ಅಂಕದಲ್ಲಿ ತಪ್ಪಿಸಿಕೊಂಡವರಿಗೆ ನಾವು ಸ್ವಭಾವದ ಪಾಠ ಹೇಳುತ್ತೇವೆ. ಖಾಲಿ ಬಲೆ ಹಿಂದೆ ಬಿಟ್ಟು ಗೆರೆ ದಾಟಿ ಹೋದವನು ಗೋಲು ಹೊಡೆದರೆ ಧೀರ, ಹೊಡೆಸಿಕೊಂಡರೆ ಅವಿವೇಕಿ. ಅವನು ಹೋದದ್ದು ಸರಿಯೇ, ಹೋಗಬೇಕಾದ ಹೊತ್ತು ಅದೇ ಆಗಿತ್ತೇ, ಹೋದ ಮೇಲೆ ಚೆಂಡನ್ನು ಏನು ಮಾಡಿದ ಎಂಬ ಪ್ರಶ್ನೆಗಳನ್ನು ಕೇಳಬೇಕಾದದ್ದು ವಿಮರ್ಶೆ. ಅಂಕಫಲಕ ನೋಡಿ ಅದು ಸುಮ್ಮನಾಗಿಬಿಡುತ್ತದೆ.

ಆ ಹುಡುಗನ ತಂಡ ಸೋತ ಪಂದ್ಯದ ಬಗ್ಗೆ ಆಮೇಲೆ ವಿಚಾರಿಸಿದೆ. ಕೊನೆಯ ನಿಮಿಷದಲ್ಲಿ ಇವನೂ ಗೋಲು ಬಿಟ್ಟು ಕಾರ್ನರ್‌ಗೆ ಮುಂದೆ ಓಡಿದ್ದನಂತೆ. ಇವನ ತಲೆಗೆ ತಗುಲಿದ ಚೆಂಡು ಕಂಬದ ಪಕ್ಕದಿಂದ ಹೊರಹೋಯಿತಂತೆ. "ಒಳಗೆ ಹೋಗಿದ್ರೆ ನೀವು ನನ್ನ ಬಗ್ಗೇನೂ ಬರೀತಿದ್ರಿ ಸಾರ್" ಎಂದ. ಹೌದು, ಬರೆಯುತ್ತಿದ್ದೆ. ಬಹುಶಃ ಅದೇ ತಲೆಬರಹದಲ್ಲಿ.

ಅವನು ಈಗ ಓದು ಮುಗಿಸಿ ಬೇರೆ ಊರಿನಲ್ಲಿದ್ದಾನೆ. ಅವತ್ತಿನ ಉತ್ತರವನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಪ್ಪ, ನಿಮಗೆ ಛಲ ಕಡಿಮೆ ಇರಲಿಲ್ಲ. ಒಂದು ಗೋಲು ಕಡಿಮೆ ಇತ್ತು. ಇವೆರಡೂ ಬೇರೆ ಬೇರೆ ಎಂದು ಹೇಳಿಕೊಡಬೇಕಾದವನು ನಾನಾಗಿದ್ದೆ, ಹೇಳಿಕೊಟ್ಟವನು ನೀನು.